ಓಡಿಹೋಗುವ ಬಟನ್

ದುರ್ಗೇಶನ ಕಷ್ಟಕ್ಕೆಲ್ಲ ಮೂಲ ಹದಿನೈದು ವರ್ಷದ ಹಿಂದೆ ಅವನ ಕೈಯಾರೆ ಹುಟ್ಟಿದ ಒಂದು ಬಟನ್. ಅಂಗಿಯದಲ್ಲ, ಕಂಪ್ಯೂಟರಿನದು. ಅದರ ಮೇಲೆ ‘ಇಲ್ಲ’ ಎಂದು ಬರೆದಿತ್ತು. ಒತ್ತಲು ಹೋದವರ ಕೈಗೆ ಅದು ಒಮ್ಮೆಯೂ ಸಿಕ್ಕಿರಲಿಲ್ಲ.

ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಶಿವಮೊಗ್ಗದಲ್ಲಿ ಆರು ತಿಂಗಳು ಫ್ಲ್ಯಾಶ್ ಕಲಿತು ಬಂದು ಸಾಗರದಲ್ಲಿ ಸೈಬರ್ ಸೆಂಟರ್ ತೆರೆದಿದ್ದ. ಫ್ಲ್ಯಾಶ್ ಅಂದರೆ ಕ್ಯಾಮೆರಾದ ಬೆಳಕಲ್ಲ. ವೆಬ್ ಪುಟದ ಮೇಲೆ ಹಕ್ಕಿ ಹಾರಿಸುವ, ದೀಪ ಹಚ್ಚುವ, ವಾಲಗ ಊದಿಸುವ ಆ ಕಾಲದ ದೊಡ್ಡ ವಿದ್ಯೆ. ಆ ವಿದ್ಯೆಯನ್ನೆಲ್ಲ ಸುರಿದು ಅವನು ಒಂದು ಕಾರ್ಡು ಮಾಡಿದ್ದ. ಇಕ್ಕೇರಿ ದೇವಸ್ಥಾನದ ಚಿತ್ರದ ಮೇಲೆ ಎರಡು ಗಿಳಿ ಹಾರಿ ಬರುತ್ತವೆ. ‘ನನ್ನನ್ನು ಮದುವೆ ಆಗ್ತೀರಾ?’ ಎಂಬ ಅಕ್ಷರಗಳು ಒಂದೊಂದಾಗಿ ಉದುರುತ್ತವೆ. ಕೆಳಗೆ ಎರಡು ಬಟನ್. ‘ಹೌದು’ ಒತ್ತಿದರೆ ಹೂಮಳೆ, ಜೊತೆಗೆ ವಾಲಗ. ‘ಇಲ್ಲ’ದ ಹತ್ತಿರ ಮೌಸಿನ ಬಾಣ ಸುಳಿಯಿತೋ, ಆ ಬಟನ್ ಚಂಗನೆ ಹಾರಿ ಪರದೆಯ ಇನ್ನೊಂದು ಮೂಲೆಗೆ ಹೋಗಿ ಕೂರುತ್ತದೆ. ಅಟ್ಟಿಸಿಕೊಂಡು ಹೋದಷ್ಟೂ ಓಡುತ್ತದೆ.

ಗೆಳೆಯರು ತಮ್ಮ ತಮ್ಮ ಹುಡುಗಿಯರನ್ನು ಸೈಬರಿಗೆ ಕರೆತಂದು ಆ ಕಾರ್ಡು ತೋರಿಸಿದರು. ಐದು ಮದುವೆಯಾದವು. ಐದರಲ್ಲೂ ದುರ್ಗೇಶ ಮುಂದೆ ನಿಂತು ಹೋಳಿಗೆ ಬಡಿಸಿದ. ತನಗೆ ಬೇಕಾದಾಗ ತೆಗೆದರಾಯಿತು ಎಂದುಕೊಂಡು ಕಾರ್ಡನ್ನು ಜೋಪಾನವಾಗಿಟ್ಟ.

ಅಷ್ಟರಲ್ಲಿ ಲೋಕವೆಲ್ಲ ಫೋನಿಗೆ ಇಳಿಯಿತು. ಫೋನುಗಳು ಫ್ಲ್ಯಾಶನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಕೊನೆಕೊನೆಗೆ ಕಂಪ್ಯೂಟರುಗಳೂ ಬಾಗಿಲು ಹಾಕಿದವು. ದುರ್ಗೇಶ ಮಾಡಿದ್ದ ಲಗ್ನಪತ್ರಿಕೆಗಳು, ಶಾಲೆಯ ವೆಬ್‌ಸೈಟಿನಲ್ಲಿ ಕುಣಿಯುತ್ತಿದ್ದ ನವಿಲು, ಎಲ್ಲವೂ ಒಂದೊಂದು ಖಾಲಿ ಚೌಕವಾಗಿ ಉಳಿದವು. ಸೈಬರ್ ಸೆಂಟರು ಜೆರಾಕ್ಸ್ ಅಂಗಡಿಯಾಯಿತು. ಆದರೂ ಅವನು ಸೋಲೊಪ್ಪಲಿಲ್ಲ. ‘ಎಲ್ಲ ಫೋನುಗಳಲ್ಲೂ ಫ್ಲ್ಯಾಶ್ ಬೇಕು. ಒಪ್ಪುವವರು ಸಹಿ ಮಾಡಿ’ ಎಂದು ಬರೆದು ಒಂದು ಹಾಳೆಯನ್ನು ಅಂಗಡಿಯ ಮೇಜಿನ ಮೇಲಿಟ್ಟ. ಇನ್ನೂರ ಹನ್ನೆರಡು ಸಹಿ ಬಿದ್ದಿದ್ದವು. ಜೆರಾಕ್ಸ್ ಅಂಗಡಿಯಲ್ಲಿ ಯಾವ ಕಾಗದ ಚಾಚಿದರೂ ಸಹಿ ಹಾಕಿಬಿಡುವುದು ಜನರಿಗೆ ರೂಢಿಯಾಗಿತ್ತು, ಅಷ್ಟೇ.

ಸಹಿ ಹಾಕದವನು ಎದುರಿನ ಮೊಬೈಲ್ ಅಂಗಡಿಯ ದಿನೇಶ ಒಬ್ಬನೇ. ಫ್ಲ್ಯಾಶ್ ಬ್ಯಾಟರಿ ಕುಡಿಯುತ್ತದೆ, ಫೋನನ್ನು ದೋಸೆಹಂಚಿನ ಹಾಗೆ ಕಾಯಿಸುತ್ತದೆ, ಕಳ್ಳರು ನುಗ್ಗಲು ನೂರು ಕಿಂಡಿ ಇಟ್ಟಿರುತ್ತದೆ ಎಂದು ಅವನ ವಾದ. ಹೊಸ ಮನೆ ಕಟ್ಟಿದಿರಿ ಅಂತ ಹಳೇ ಮನೆಯೊಳಗೆ ಜನ ಇರುವಾಗಲೇ ಬಾಗಿಲಿಗೆ ಇಟ್ಟಿಗೆ ಕಟ್ಟುವುದು ಯಾವ ನ್ಯಾಯ ಎಂದು ದುರ್ಗೇಶನ ವಾದ. ದಿನಾ ಬೆಳಿಗ್ಗೆ ಟೀ ಹೊತ್ತಿಗೆ ಇದು ನಡೆಯುತ್ತಿತ್ತು. ಇಬ್ಬರಿಗೂ ಇದಿಲ್ಲದೆ ಟೀ ಒಳಗಿಳಿಯುತ್ತಿರಲಿಲ್ಲ.

ಈಗ ದುರ್ಗೇಶನಿಗೆ ಮೂವತ್ತೊಂಬತ್ತು. ಐದು ಕಡೆ ಹೆಣ್ಣು ನೋಡಿ ಬಂದಾಗಿತ್ತು. ಹದಿನೈದು ದಿನದ ಹಿಂದೆ ತೀರ್ಥಹಳ್ಳಿಗೆ ಹೋದದ್ದು ಆರನೆಯದು. ಹುಡುಗಿ ದೀಪಶ್ರೀ ಅಲ್ಲಿನ ಪಶು ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರು. ಸುತ್ತಲಿನ ಊರಿನ ದನಕರುಗಳಿಗೆಲ್ಲ ಇಂಜೆಕ್ಷನ್ ಚುಚ್ಚುವವಳು. ಅವಳು ತಟ್ಟೆ ಹಿಡಿದು ಬಂದು ಕಾಫಿ ಎಷ್ಟು ಹಾಕಲಿ ಎಂದು ಕೇಳಿದಾಗ ದುರ್ಗೇಶನ ತಲೆಯೊಳಗೆ ಎಲ್ಲ ಅಳಿಸಿಹೋಯಿತು. ಬಾಯಿ ಮಾತ್ರ ಜೆರಾಕ್ಸ್ ಅಂಗಡಿಯ ರೂಢಿಯಂತೆ ತೆರೆದುಕೊಂಡು, “ಒಂದೇ ಸೈಡಾ, ಎರಡೂ ಸೈಡಾ?” ಎಂದಿತು.

ಆಮೇಲೆ ಅವನು ಬಾಯಿ ಬಿಡಲಿಲ್ಲ. ಹೊರಡುವಾಗ ದೀಪಶ್ರೀ ಅಂಗಳದ ತನಕ ಬಂದು, ಚಪ್ಪಲಿ ಎಡದ್ದು ಬಲಕ್ಕೆ ಹಾಕಿಕೊಂಡಿದೀರಿ ಎಂದು ಮೆಲ್ಲಗೆ, ಯಾರಿಗೂ ಕೇಳದ ಹಾಗೆ ಹೇಳಿದಳು. ಹಿಂದಿನ ಐದು ಮನೆಗಳಲ್ಲಿ ಯಾರೂ ಅವನ ಕಾಲಿನ ಕಡೆ ನೋಡಿರಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ದುರ್ಗೇಶನಿಗೆ ಗೊತ್ತಾಯಿತು: ಈ ಹುಡುಗಿ ಒಪ್ಪದಿದ್ದರೆ ತಾನು ಏಳನೆಯ ಮನೆಯ ಮೆಟ್ಟಿಲು ಹತ್ತುವುದಿಲ್ಲ.

ಮಂಗಳವಾರ ಸಂಜೆ ಅವಳದೇ ಸಂದೇಶ ಬಂತು. ‘ನಾಳೆ ಒಂದೂವರೆಗೆ ಆಸ್ಪತ್ರೆಗೆ ಬನ್ನಿ. ಉತ್ತರ ನಿಮಗೇ ಹೇಳ್ತೀನಿ.’

ಬುಧವಾರ ಬೆಳಿಗ್ಗೆ ಏಳಕ್ಕೆ ದುರ್ಗೇಶನ ಮನೆ ಜಗಲಿಯಲ್ಲಿ ಸಭೆ ಸೇರಿತು. ತಾಯಿ ಕನ್ನಮ್ಮ, ಪಕ್ಕದ ಮನೆಯ ನಿವೃತ್ತ ಕಂಡಕ್ಟರ್ ಹೂವಪ್ಪ, ಕರೆಯದೆ ಬಂದ ದಿನೇಶ. ಹುಡುಗಿಯೇ ನೇರ ಕರೆದಿದ್ದಾಳೆಂದರೆ ಅದು ಬೇಡ ಅನ್ನಲಿಕ್ಕೇ ಎಂದು ಹೂವಪ್ಪ ತೀರ್ಮಾನ ಕೊಟ್ಟ. ಒಪ್ಪಿಗೆಯಾದರೆ ಹಿರಿಯರ ಮೂಲಕ ಬರುತ್ತದೆ, ಅವನ ಮೂವತ್ತು ವರ್ಷದ ಸರ್ವೀಸಿನಲ್ಲಿ ಇಂಥದ್ದು ಬೇಕಾದಷ್ಟು ನೋಡಿದ್ದಾನಂತೆ. ಅವಳು ಬೇಡ ಅನ್ನುವ ಮೊದಲೇ ದುರ್ಗೇಶ ನಾಲ್ಕು ಮಾತಾಡಿ ಅವಳ ಮನಸ್ಸು ತಿರುಗಿಸಬೇಕು ಎಂದಾಯಿತು. ಎಲ್ಲರೂ ದುರ್ಗೇಶನ ಬಾಯಿ ನೋಡಿದರು. ಆ ಬಾಯಿಯಿಂದ ನಾಲ್ಕು ಮಾತು ಬರುವ ಭರವಸೆ ಯಾರಿಗೂ ಇರಲಿಲ್ಲ.

“ನಿನ್ನ ಗಿಳಿ ಕಾರ್ಡ್ ಇತ್ತಲ್ಲ ಮಾರಾಯ,” ಎಂದ ಹೂವಪ್ಪ. “ಅದನ್ನ ಅವಳ ಮುಂದೆ ಹಿಡಿ. ಇಲ್ಲ ಅನ್ನಕ್ಕೇ ಆಗಲ್ಲ.”

ದುರ್ಗೇಶನ ಮುಖ ಅರಳಿ ಅಲ್ಲೇ ಬಾಡಿತು. ಫೋನಿನಲ್ಲಿ ಫ್ಲ್ಯಾಶ್ ಎಲ್ಲಿದೆ? ಆಗ ದಿನೇಶ ಗಂಟಲು ಸರಿಮಾಡಿಕೊಂಡು, ಹಳೆ ಫ್ಲ್ಯಾಶನ್ನು ಫೋನಿನಲ್ಲಿ ಆಡಿಸುವ ಒಂದು ಪ್ರೋಗ್ರಾಂ ಈಗ ಬಂದಿದೆ ಎಂದು ಒಪ್ಪಿಕೊಂಡ. ವಾದದಲ್ಲಿ ಸೋಲಬಾರದೆಂದು ಒಂದು ವರ್ಷದಿಂದ ಬಾಯಿ ಬಿಟ್ಟಿರಲಿಲ್ಲ. ಹತ್ತೇ ನಿಮಿಷದಲ್ಲಿ ಕಾರ್ಡನ್ನು ದುರ್ಗೇಶನ ಫೋನಿಗೆ ಹತ್ತಿಸಿಯೂ ಕೊಟ್ಟ.

ಇಕ್ಕೇರಿ ದೇವಸ್ಥಾನ ಮೂಡಿತು. “ಆದ್ರೆ ಅಣ್ಣ, ಇದು ಮೌಸಿಗೆ ಮಾಡಿದ್ದು, ಬೆರಳಿಗೆ...” ಎಂದು ದಿನೇಶ ಏನೋ ಹೇಳಹೊರಟ. ಅಷ್ಟರಲ್ಲಿ ಎರಡು ಗಿಳಿ ಹಾರಿ ಬಂದವು. ಎಷ್ಟೋ ವರ್ಷದ ಮೇಲೆ ಅವು ರೆಕ್ಕೆ ಬಡಿದದ್ದು ನೋಡಿ ದುರ್ಗೇಶನ ಕಣ್ಣು ತುಂಬಿತು. ದಿನೇಶನ ಮಾತು ಅವನಿಗೆ ಕೇಳಿಸಲೇ ಇಲ್ಲ.

ಯಾವ ಕೆಲಸವನ್ನೇ ಆಗಲಿ ಗಿರಾಕಿಗೆ ಕೊಡುವ ಮೊದಲು ಒಮ್ಮೆ ಪರೀಕ್ಷಿಸಿ ನೋಡುವುದು ದುರ್ಗೇಶನ ಪದ್ಧತಿ. ಅವನ ಬೆರಳು ‘ಇಲ್ಲ’ದ ಕಡೆಗೆ ಹೊರಟಿತು. ಕನ್ನಮ್ಮ ಅವನ ಕೈಗೆ ಪಟ್ಟನೆ ಹೊಡೆದಳು. ಆ ಮನೆಯಲ್ಲಿ ಅಕ್ಕಿ ಮುಗಿದರೆ ‘ಅಕ್ಕಿ ಹೆಚ್ಚಿದೆ’ ಎನ್ನಬೇಕು, ಎಣ್ಣೆ ಮುಗಿದರೆ ‘ಎಣ್ಣೆ ಹೆಚ್ಚಿದೆ’ ಎನ್ನಬೇಕು. ಶುಭಕಾರ್ಯಕ್ಕೆ ಹೊರಟ ದಿನವಂತೂ ಆ ಎರಡಕ್ಷರ ಹೊಸ್ತಿಲೊಳಗೆ ಬರುವಂತಿಲ್ಲ.

“ಇವತ್ತು ಯಾರೂ ಅದನ್ನ ಮುಟ್ಟೋದು ಬೇಡ,” ಎಂದಳು ಕನ್ನಮ್ಮ. “ಬೇಕಾದ್ರೆ ಹೌದು ಒತ್ತಿ ನೋಡು.”

ತಾನೇ ಒತ್ತಿ ತೋರಿಸಿದಳು. ಹೂಮಳೆ ಸುರಿಯಿತು, ವಾಲಗ ಮೊಳಗಿತು. ಶಕುನ ಚೆನ್ನಾಗಿದೆ ಎಂದು ಹೂವಪ್ಪನೂ ಒತ್ತಿದ. ಪ್ರೋಗ್ರಾಂ ಸರಿಯಿದೆಯೇ ನೋಡಲು ದಿನೇಶನೂ ಒತ್ತಿದ. ದುರ್ಗೇಶ ಮನೆ ಬಿಡುವ ಹೊತ್ತಿಗೆ ಅವನನ್ನು ಮದುವೆಯಾಗಲು ಮೂವರು ಒಪ್ಪಿಯಾಗಿತ್ತು.

ಹೊಸನಗರದಲ್ಲಿ ಬಸ್ಸು ಬದಲಿಸಬೇಕು. ಬಸ್‌ಸ್ಟ್ಯಾಂಡಿನ ಪಕ್ಕ ಗಣೇಶ ಮತ್ತು ಕುಮುದಾ ಕ್ಯಾಂಟೀನು ನಡೆಸುತ್ತಾರೆ. ಗಿಳಿ ಕಾರ್ಡಿನಿಂದ ಮದುವೆಯಾದ ಮೊದಲ ಜೋಡಿ ಅವರೇ. ದುರ್ಗೇಶನಿಗೆ ಹಸಿವಿರಲಿಲ್ಲ, ಧೈರ್ಯಕ್ಕಾಗಿ ಒಳಗೆ ಹೋದ. ವಿಷಯ ಕೇಳಿದ್ದೇ ಗಣೇಶ ದೋಸೆ ಮಗುಚುವ ಸಟ್ಟುಗ ಬಿಟ್ಟು ಬಂದು ‘ಹೌದು’ ಒತ್ತಿದ, ವಾಲಗ ಕೇಳಿ ತಿಂಡಿಗೆ ಕೂತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಹಂಚಿನ ಮೇಲಿನ ದೋಸೆ ಕರಿದಾಯಿತು. ಕುಮುದಾ ಮಾತ್ರ ಫೋನು ಮುಟ್ಟಲಿಲ್ಲ.

“ನಾ ಒಂದ್ಸಲ ಒತ್ತಿದ್ದು ಸಾಕು,” ಎಂದಳು. “ಅವತ್ತು ಒಂದು ಗಂಟೆ ಆ ‘ಇಲ್ಲ’ದ ಹಿಂದೆ ಓಡ್ದೆ. ಕೈ ಸೋತು ಹೋತು, ಹೌದು ಅಂದೆ. ಅದು ಸಿಕ್ಕಿದ್ರೆ ಒಳಗೆ ಎಂತ ಇತ್ತು ದುರ್ಗೇಶಣ್ಣ?”

ದುರ್ಗೇಶ ತಲೆ ಕೆರೆದುಕೊಂಡ. ಅಲ್ಲಿಗೆ ಯಾರೂ ಹೋಗುವುದಿಲ್ಲವೆಂದು ಅಲ್ಲೇನೂ ಮಾಡಿರಲಿಲ್ಲ, ಅಥವಾ ಮಾಡಿದ್ದರೂ ನೆನಪಿಲ್ಲ ಎಂದ. ಗಣೇಶ ಹೆಂಡತಿಯ ಮುಖ ನೋಡಿ ಇನ್ನೊಂದು ದೋಸೆ ಹುಯ್ದ.

ತೀರ್ಥಹಳ್ಳಿ ಬಸ್ಸಿನಲ್ಲಿ ಪಕ್ಕಕ್ಕೆ ಕೆರಿಯಮ್ಮ ಎಂಬ ಅಜ್ಜಿ ಕೂತಿದ್ದಳು. ಬ್ಯಾಟರಿ ಎಷ್ಟಿದೆ ಎಂದು ದುರ್ಗೇಶ ಫೋನು ತೆಗೆದದ್ದೇ ತಪ್ಪಾಯಿತು. ಗಿಳಿ ಕಂಡ ಅಜ್ಜಿ ಇನ್ನೊಮ್ಮೆ ಹಾರಿಸು ಎಂದಳು. ಎಲೆಅಡಿಕೆಯ ಸುಣ್ಣ ಮೆತ್ತಿದ ಬೆರಳಿನಿಂದ ಮೂರು ಸಲ ‘ಹೌದು’ ಒತ್ತಿದಳು. ವಾಲಗ ಕೇಳಿ ಬಂದ ಕಂಡಕ್ಟರು, ಟಿಕೇಟು ಕೊಡುವ ಬದಲು ಫೋನು ಕಸಿದುಕೊಂಡು ತಾನೂ ಒಮ್ಮೆ ಒತ್ತಿ, ಹುಡುಗಿ ಯಾವ ಊರು ಎಂದು ವಿಚಾರಿಸಿದ. ಹಿಂದಿನ ಸೀಟುಗಳಿಗೂ ಫೋನು ಹೋಗಿ ಬಂತು. ಯಾರಿಗೂ ‘ಇಲ್ಲ’ ಮುಟ್ಟಲು ಕೊಡಬಾರದೆಂದು ದುರ್ಗೇಶ ಅದರ ಹಿಂದೆಯೇ ಹೋಗಿ ಕಾವಲು ನಿಂತ. ಶುಭಕಾರ್ಯವೆಂದು ತಿಳಿದ ಮೇಲೆ ಯಾರೂ ಮುಟ್ಟಲೂ ಇಲ್ಲ.

ತುಂಗೆಯ ಸೇತುವೆ ದಾಟುವಾಗ ಲೆಕ್ಕ ಹಾಕಿದರೆ, ಒಪ್ಪಿದವರು ಹದಿನಾಲ್ಕು ಜನ. ಬ್ಯಾಟರಿ ಒಂಬತ್ತು ಪರ್ಸೆಂಟ್. ಫೋನು ನಿಜವಾಗಿಯೂ ದೋಸೆಹಂಚಿನ ಹಾಗೆ ಕಾದಿತ್ತು. ದಿನೇಶನಿಗೆ ಇದನ್ನು ಹೇಳಬಾರದು ಎಂದು ದುರ್ಗೇಶ ಮನಸ್ಸಿನಲ್ಲೇ ನಿಶ್ಚಯಿಸಿದ.

ಪಶು ಆಸ್ಪತ್ರೆಯ ಅಂಗಳದಲ್ಲಿ ದೀಪಶ್ರೀ ಒಂದು ಕರುವಿಗೆ ಇಂಜೆಕ್ಷನ್ ಹಾಕುತ್ತಿದ್ದಳು. ಕರುವಿನ ಯಜಮಾನ ಎದುರಿನಿಂದ ಹಿಡಿಯಲು ಹೋದಾಗಲೆಲ್ಲ ಅದು ಜಿಗಿದು ಓಡುತ್ತಿತ್ತು. ದೀಪಶ್ರೀ ಅವನನ್ನು ಸುಮ್ಮನೆ ನಿಲ್ಲಿಸಿ, ಪಕ್ಕಕ್ಕೆ ಬಂದು, ಬೆನ್ನಿನ ಮೇಲೆ ನೆಟ್ಟಗೆ ಕೈ ಇಟ್ಟಳು. ಕರು ನಿಂತಲ್ಲೇ ನಿಂತಿತು. ಕೈ ತೊಳೆದುಕೊಂಡು ಬಂದು ಜಗಲಿಯ ಬೆಂಚಿನ ಮೇಲೆ ದುರ್ಗೇಶನ ಪಕ್ಕ ಕೂತಳು.

“ನಾನು ಯೋಚ್ನೆ ಮಾಡಿ ನೋಡ್ದೆ,” ಎಂದು ಶುರುಮಾಡಿದಳು. “ನೀವು ಅವತ್ತು ಮನೆಗೆ ಬಂದಾಗ...”

ಬಂತು, ಬೇಡ ಅನ್ನುವ ಮಾತು ಬಂದೇಬಿಟ್ಟಿತು ಎಂದುಕೊಂಡ ದುರ್ಗೇಶ. ಅವಳ ಮಾತನ್ನು ಅಲ್ಲೇ ತಡೆದು, “ಮೊದ್ಲು ಇದನ್ನ ನೋಡಿ,” ಎಂದು ಫೋನನ್ನು ಅವಳ ಕೈಗೆ ತುರುಕಿದ.

ಗಿಳಿಗಳು ಬಂದವು. ಅಕ್ಷರಗಳು ಉದುರಿದವು. ದೀಪಶ್ರೀ ಎಲ್ಲವನ್ನೂ ನಿಧಾನವಾಗಿ ಓದಿದಳು. ತುಟಿಯ ಅಂಚಿನಲ್ಲಿ ಸಣ್ಣ ನಗು ಕಂಡಂತಾಯಿತು.

“ಇದ್ರಲ್ಲಿ ಯಾವ್ದು ಬೇಕಾದ್ರೂ ಒತ್ತಬಹುದಾ?”

“ಯಾವ್ದು ಬೇಕಾದ್ರೂ ಒತ್ತಿ,” ಎಂದ ದುರ್ಗೇಶ. ಹದಿನೈದು ವರ್ಷದ ವಿದ್ಯೆಯ ಮೇಲಿನ ನಂಬಿಕೆ ಆ ಮಾತಿನಲ್ಲಿತ್ತು.

ಅವಳು ‘ಇಲ್ಲ’ದ ಮೇಲೆ ನೆಟ್ಟಗೆ ಬೆರಳಿಟ್ಟಳು. ಬಟನ್ ಓಡಲಿಲ್ಲ, ಅಲುಗಲಿಲ್ಲ, ಆ ಕರುವಿನ ಹಾಗೆ ನಿಂತಲ್ಲೇ ನಿಂತು ಒತ್ತಿಸಿಕೊಂಡಿತು. ಮೌಸಿನ ಬಾಣವಾದರೆ ದೂರದಿಂದ ಜಾರುತ್ತಾ ಹತ್ತಿರ ಬರುತ್ತದೆ. ಬರುವುದು ಕಂಡು ಬಟನ್ ಓಡುತ್ತದೆ. ಬೆರಳು ಹಾಗಲ್ಲ, ಎಲ್ಲಿಂದಲೋ ಬಂದು ಸೀದಾ ಮೇಲೆ ಇಳಿಯುತ್ತದೆ. ದಿನೇಶ ಬೆಳಿಗ್ಗೆ ಹೇಳಹೊರಟದ್ದು ಏನೆಂದು ದುರ್ಗೇಶನಿಗೆ ಈಗ ಹೊಳೆಯಿತು.

ಗಿಳಿಗಳು ಮಾಯವಾದವು. ಬಿಳಿಯ ಪುಟವೊಂದು ತೆರೆದುಕೊಂಡಿತು. ಅದರಲ್ಲಿ ಇಪ್ಪತ್ತನಾಲ್ಕರ ದುರ್ಗೇಶ ತನಗೆ ತಾನೇ ಬರೆದಿಟ್ಟುಕೊಂಡಿದ್ದ ಒಂದು ಸಾಲಿತ್ತು: ‘ಇಲ್ಲಿಗೆ ಯಾರೂ ಬರಲ್ಲ. ಆಮೇಲೆ ಬರೆದರಾಯ್ತು.’

ದೀಪಶ್ರೀ ಅದನ್ನು ಗಟ್ಟಿಯಾಗಿ ಓದಿದಳು. ಓದಿ ಮುಗಿಯುವುದಕ್ಕೂ ಬ್ಯಾಟರಿ ಮುಗಿದು ಫೋನು ಉಸಿರು ಬಿಡುವುದಕ್ಕೂ ಸರಿಹೋಯಿತು.

ಆಗ ದುರ್ಗೇಶ ಮಾತಾಡಿದ. ಎಲ್ಲಿತ್ತೋ ಆ ಮಾತು, ಅವನಿಗೇ ಗೊತ್ತಿಲ್ಲ. ಹೀಗಾಗಬಾರದಿತ್ತು ಎಂದು ಶುರುಮಾಡಿ ಮೌಸು, ಬಾಣ, ಬೆರಳು ಎಲ್ಲ ವಿವರಿಸಿದ. ಐದು ಮದುವೆ, ಖಾಲಿಯಾದ ನವಿಲು, ಇನ್ನೂರ ಹನ್ನೆರಡು ಸಹಿ, ಎಲ್ಲ ಹೇಳಿದ. ತಾನು ಮಾಡಿದ್ದೆಲ್ಲ ಒಂದೊಂದಾಗಿ ಖಾಲಿ ಚೌಕವಾದಾಗ ಎಷ್ಟು ಸಂಕಟವಾಗಿತ್ತೆಂದು ಯಾರಿಗೂ ಹೇಳದ್ದನ್ನು ಹೇಳಿದ. ಇಪ್ಪತ್ತು ನಿಮಿಷ ಅವನು ನಿಲ್ಲಿಸಲಿಲ್ಲ. ದೀಪಶ್ರೀ ಗಲ್ಲಕ್ಕೆ ಕೈ ಕೊಟ್ಟು ಕೇಳಿದಳು. ಊಟದ ಡಬ್ಬಿ ತೆರೆದು ಅರ್ಧ ಚಪಾತಿ ಅವನ ಕಡೆ ಸರಿಸಿದಳು.

“ಈಗ ನಾನು ಹೇಳ್ಲಾ?” ಎಂದಳು ಕೊನೆಗೆ. “ಇವತ್ತು ನಿಮ್ಮನ್ನ ಕರ್ಸಿದ್ದು ಹೌದು ಅಂತ ಹೇಳಕ್ಕೆ.”

ದುರ್ಗೇಶನ ಕೈಯಲ್ಲಿದ್ದ ಚಪಾತಿ ಕೈಯಲ್ಲೇ ಉಳಿಯಿತು.

“ಒಂದೇ ಸೈಡಾ ಎರಡೂ ಸೈಡಾ ಅಂದ್ರಲ್ಲ, ಮೂರು ದಿನ ನಗಾಡಿದೀನಿ. ನನ್ನ ನೋಡಕ್ಕೆ ಬಂದವ್ರೆಲ್ಲ ಉತ್ತರ ಕಲ್ತು ಬಂದಿದ್ರು. ನೀವೊಬ್ರೇ ಹಾಗೇ ಬಂದಿದ್ದು. ಅದಕ್ಕೇ ನಿಮಗೇ ಹೇಳಣ ಅನ್ನಿಸ್ತು.”

“ಈಗ?”

“ಈಗ ನೋಡಿದ್ರೆ ನೀವು, ಎದುರಿನವ್ರಿಗೆ ಇಲ್ಲ ಅನ್ನಕ್ಕೇ ಬಿಡದ ಬಟನ್ ಮಾಡಿದ ಮನುಷ್ಯ. ಸ್ವಲ್ಪ ಯೋಚ್ನೆ ಮಾಡ್ಬೇಕಲ್ಲ.”

ದುರ್ಗೇಶನಿಗೆ ಆ ಫೋನನ್ನು ಸೇತುವೆಯ ಮೇಲಿಂದ ತುಂಗೆಗೆ ಎಸೆಯಬೇಕೆನಿಸಿತು. ಬಾಯಿ ಮುಚ್ಚಿಕೊಂಡು ಇನ್ನೊಂದೇ ನಿಮಿಷ ಕೂತಿದ್ದರೆ ‘ಹೌದು’ ತಾನಾಗಿ ಮಡಿಲಿಗೆ ಬೀಳುತ್ತಿತ್ತು. ಅವನ ಮುಖ ನೋಡಿ ದೀಪಶ್ರೀಗೆ ಪಾಪ ಅನ್ನಿಸಿರಬೇಕು.

“ಹೌದು ಅಲ್ಲೇ ಇದೆ, ಓಡಿಹೋಗಲ್ಲ,” ಎಂದಳು. “ಭಾನುವಾರ ಮನೆಗೆ ಬನ್ನಿ. ಮೊದ್ಲಿಂದ ನೋಡಣ. ಫೋನ್ ತರಬೇಡಿ. ಕಾಫಿ ಎಷ್ಟು ಅಂತ ಕೇಳ್ತೀನಿ, ನೀವು ಅವತ್ತಿನ ಹಾಗೇ ಮಾತಾಡಿ. ಕಲ್ತು ಬರ್ಬೇಡಿ ಮತ್ತೆ.”

ಗೇಟಿನ ತನಕ ಬಂದು ಅವನ ಕಾಲಿನ ಕಡೆ ನೋಡಿದಳು. ಚಪ್ಪಲಿ ಇವತ್ತು ಸರಿಯಾಗಿದೆಯಲ್ಲ ಎಂದಳು. ಆ ಮಾತಿನಲ್ಲಿ ಚೂರು ನಿರಾಸೆ ಇದ್ದಂತೆ ದುರ್ಗೇಶನಿಗೆ ಕೇಳಿಸಿತು. ಹೊಸನಗರದ ತನಕ ಅದನ್ನೇ ನೆನೆದು ನೆನೆದು ಒಬ್ಬನೇ ನಗುತ್ತಾ ಬಂದ. ಟಿಕೇಟು ಕೊಡಲು ಬಂದ, ಬೆಳಗಿನ ಅದೇ ಕಂಡಕ್ಟರು ಅವನ ನಗು ನೋಡಿ ಅಭಿನಂದನೆ ಹೇಳಿ ಹೋದ.

ಸಂಜೆ ಜಗಲಿಯಲ್ಲಿ ಮೂವರೂ ಕಾದಿದ್ದರು. ಕನ್ನಮ್ಮ ಕೇಸರಿಬಾತು ಮಾಡಿಟ್ಟಿದ್ದಳು. ಏನಂದಳು ಎಂದು ಕೇಳಿದರೆ ದುರ್ಗೇಶನಿಗೆ ಇಕ್ಕಟ್ಟು. ‘ಹೌದು’ ಎಂದರೆ ಸುಳ್ಳು. ಇನ್ನೊಂದನ್ನು ಆ ಹೊಸ್ತಿಲ ಮುಂದೆ ಹೇಳುವಂತಿಲ್ಲ, ಅದು ನಿಜವೂ ಅಲ್ಲ.

“ಭಾನುವಾರ ಹೆಣ್ಣು ನೋಡಕ್ಕೆ ಹೋಗ್ಬೇಕು,” ಎಂದ.

“ಅಯ್ಯೋ, ಏಳನೇದಾ?” ಎಂದ ಹೂವಪ್ಪ.

“ಅಲ್ಲ. ಆರನೇದೇ, ಇನ್ನೊಂದ್ಸಲ.”

ನಡೆದದ್ದನ್ನೆಲ್ಲ ಕೇಳಿದ ದಿನೇಶ, ಫ್ಲ್ಯಾಶು ಫೋನಿಗೆ ಹೊಂದುವುದಿಲ್ಲ ಅಂತ ಈಗಲಾದರೂ ಗೊತ್ತಾಯಿತಲ್ಲ ಎಂದು ಬೀಗಿದ. ಫೋನಿನಲ್ಲಿ ಅದು ಬಂದದ್ದಕ್ಕೇ ತಾನು ಬಾಯಿಬಿಟ್ಟು ಇಪ್ಪತ್ತು ನಿಮಿಷ ಮಾತಾಡಿದ್ದು, ಆದ್ದರಿಂದ ಎಲ್ಲ ಫೋನಿನಲ್ಲೂ ಅದು ಬೇಕೇಬೇಕು ಎಂದು ದುರ್ಗೇಶ ತಿರುಗಿಸಿ ಹಾಕಿದ. ಇಬ್ಬರೂ ಗೆದ್ದ ಸಮಾಧಾನದಲ್ಲಿ ಕೇಸರಿಬಾತಿಗೆ ಕೈಹಾಕಿದರು. ಭಾನುವಾರ ಏನೇನು ಮಾತಾಡಬೇಕೆಂದು ಹೂವಪ್ಪ ಹೇಳಿಕೊಡಲು ಶುರುಮಾಡಿದಾಗ ದುರ್ಗೇಶ ಕಿವಿ ಮುಚ್ಚಿಕೊಂಡ. ಏನೂ ಕಲಿಯದೆ ಹೋಗಬೇಕು. ಅಂದಿನ ಹಾಗೇ ಇರಬೇಕು. ಅಷ್ಟು ಸುಲಭದ ಕೆಲಸ ಅವನಿಗೆ ಜೀವನದಲ್ಲೇ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಕನ್ನಮ್ಮ ಒಳಗಿನಿಂದ ಪಾತ್ರೆ ಹಿಡಿದು ಬಂದಳು.

“ಕಾಫಿ ಎಷ್ಟು ಹಾಕ್ಲೋ?”

“ಅರ್ಧ ಲೋಟ ಸಾಕಮ್ಮ, ಸಕ್ಕರೆ ಕಡಿಮೆ,” ಎಂದ ದುರ್ಗೇಶ.

ಎಂದವನೇ ಬೆಚ್ಚಿಬಿದ್ದ. ಸರಿಯಾದ ಉತ್ತರ ಎಷ್ಟು ಸಲೀಸಾಗಿ ಬಾಯಿಗೆ ಬಂದುಬಿಟ್ಟಿತ್ತು. ಕೈಗೆ ಬಂದ ಲೋಟವನ್ನು ಕೆಳಗಿಟ್ಟು, ಇನ್ನೊಂದು ಸಲ ಕೇಳಮ್ಮ ಎಂದು ಅಂಗಲಾಚಿದ. ಭಾನುವಾರಕ್ಕೆ ಇನ್ನು ನಾಲ್ಕೇ ದಿನ ಉಳಿದಿತ್ತು.